ಅಳಿವೆಯಲ್ಲಿ ನಿನ್ನ ಸರದಿ ಕೊನೆಯದು

ಎರ್ನಾಕುಲಕ್ಕೆ ಕೆಲಸಕ್ಕೆಂದು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ಸಂಬಳದಲ್ಲಿ ಕೊಳ್ಳುವ ಸಾಮಾನುಗಳ ಪಟ್ಟಿಗೆ ಈಗ ಗಾಳದ ಕೋಲೂ ಸೇರಿದೆ. ಐದು ದಿನ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲೋ ಹಡಗುಕಟ್ಟೆಯಲ್ಲೋ ದುಡಿದು, ಶನಿವಾರ ನಸುಕಿಗೇ ಎದ್ದು ವೈಪಿನ್, ಫೋರ್ಟ್ ಕೊಚ್ಚಿ, ವಲ್ಲಾರ್‌ಪಾಡಂ ಎಂದು ಹೊರಡುತ್ತಾರೆ. ಹೋಗಲಿ, ಒಳ್ಳೆಯದೇ. ಮಾಲ್‌ನ ತಂಪಿಗಿಂತ ನೀರಿನ ಗಾಳಿ ಮೇಲು. ಗಂಗೊಳ್ಳಿ, ಉಳ್ಳಾಲ, ಕಾಸರಗೋಡಿನ ಚಂದ್ರಗಿರಿ ಎಂದು ಅಳಿವೆಯ ಬದಿಯಲ್ಲೇ ಬೆಳೆದ ಮಕ್ಕಳಿಗೆ ಉಪ್ಪು ನೀರು ಹೊಸದೂ ಅಲ್ಲ. ಕುಂದಾಪುರದ ಕಡೆಯಿಂದ ಬಂದು ಇದೇ ಊರಿನಲ್ಲಿ ತಲೆ ನರೆಸಿಕೊಂಡವನು ನಾನು. ಈ ನೀರಿನ ಬಗ್ಗೆ ನಿನಗೆ ನಾಲ್ಕು ಮಾತು ಹೇಳುವುದಿದೆ.

ಕೊಚ್ಚಿಯ ಅಳಿವೆ ಊರ ಅಳಿವೆಯಂತಲ್ಲ. ಫೋರ್ಟ್ ಕೊಚ್ಚಿಗೂ ವೈಪಿನಿಗೂ ನಡುವೆ ಇರುವ ಬಾಯಿ ಸುಮಾರು 450 ಮೀಟರ್ ಅಗಲ, ಅಷ್ಟೇ. ಪೆರಿಯಾರ್, ಮೂವಾಟ್ಟುಪುಳ ನದಿಗಳ ನೀರು, ವೇಂಬನಾಡು ಕಾಯಲಿನ ನೀರು, ಕಡಲಿನಿಂದ ಏರಿ ಬರುವ ಉಬ್ಬರ ಎಲ್ಲಕ್ಕೂ ಅದೇ ಬಾಗಿಲು. ಪೆರಿಯಾರಿನ ಇನ್ನೊಂದು ಬಾಗಿಲು ಉತ್ತರಕ್ಕೆ ಮುನಂಬಂ–ಅಳೀಕ್ಕೋಡಿನಲ್ಲಿದೆ, ಅದು ಇದಕ್ಕಿಂತ ಕಿರಿದು. ಹಡಗುಗಳೂ, ಟ್ರಾಲರುಗಳೂ, ರೋ-ರೋ ದೋಣಿಗಳೂ, ವಂಜಿಗಳೂ ಇದೇ ಕೊಚ್ಚಿಯ ಬಾಯಲ್ಲಿ ಓಡಾಡಬೇಕು. ಮೀನೂ ಇದೇ ಬಾಯಲ್ಲಿ ಓಡಾಡಬೇಕು. ಇಷ್ಟು ಜನ ಬಳಸುವ ಜಾಗದಲ್ಲಿ ಒಂದು ಸರದಿ ಇರುತ್ತದೆ. ಮೊದಲು ನೀರು, ಆಮೇಲೆ ಹಡಗು, ಆಮೇಲೆ ಬಲೆ ಹಾಕಿ ಉಣ್ಣುವವರು, ಆಮೇಲೆ ಮೀನು. ಹವ್ಯಾಸಕ್ಕೆ ಗಾಳ ಹಿಡಿದ ನೀನು ಐದನೆಯವನು, ಕೊನೆಯವನು. ಇದು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಮೊದಲು ನೀರು. ಕೊಚ್ಚಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳೂ ಒಂದೇ ಎತ್ತರದವಲ್ಲ, ಒಂದು ದೊಡ್ಡದು, ಒಂದು ಚಿಕ್ಕದು. ಇವತ್ತು ಆರು ಗಂಟೆಗೆ ತುಂಬಿದ ನೀರು ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ಜೋರು ಎಂದರೂ ಇಲ್ಲಿ ಒಂದು ಮೀಟರಿನ ಸುಮಾರು. ಉತ್ತರಕ್ಕೆ ಹೋದಂತೆ ಇದು ಹೆಚ್ಚುತ್ತದೆ, ಕಾರವಾರದಲ್ಲಿ ಎರಡು ಮೀಟರಿಗೆ ಹತ್ತಿರ. ‘ಒಂದು ಮೀಟರ್ ತಾನೇ’ ಎಂದು ಉದಾಸೀನ ಮಾಡಬೇಡ. ಅಷ್ಟು ದೊಡ್ಡ ಕಾಯಲಿನ ಒಂದು ಮೀಟರ್ ನೀರು ಆರು ಗಂಟೆಯೊಳಗೆ ಅಷ್ಟು ಸಣ್ಣ ಬಾಯಿಂದ ಹೊರಬೀಳಬೇಕು. ಸೆಳೆತ ಎಂಬುದು ಅದೇ.

ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರ ಇಳಿತದ ಕೋಷ್ಟಕ ಪ್ರಕಟಿಸುತ್ತದೆ. ಈಗ ಅದೆಲ್ಲ ಫೋನಿನಲ್ಲೇ ಸಿಗುತ್ತದೆ. ನೋಡಿಕೋ, ಆದರೆ ಅದನ್ನೇ ನಂಬಿ ಕೂರಬೇಡ. ಫೋನು ಹೇಳುವುದು ನೀರು ಎಷ್ಟು ಎತ್ತರಕ್ಕೆ ಯಾವಾಗ ಮುಟ್ಟುತ್ತದೆ ಎಂದು. ಸೆಳೆತ ಯಾವಾಗ ತಿರುಗುತ್ತದೆ ಎಂಬುದು ಬೇರೆ ಲೆಕ್ಕ. ಅಳಿವೆಯ ಬಾಯಲ್ಲೇ ಒಂದು ಹೊತ್ತು, ಒಳಗೆ ತೇವರದ ಕಡೆ ಇನ್ನೊಂದು ಹೊತ್ತು. ಕೊಚ್ಚಿಯಲ್ಲಿ ಇದನ್ನು ತಿಳಿಯಲು ಯಂತ್ರ ಬೇಡ, ಕುಳವಾಳ ಸಾಕು. ಅಂತರಗಂಗೆಯ ಜಾತಿಯ ಈ ತೇಲು ಕಳೆ ಮಳೆಗಾಲ ಶುರುವಾದ ಮೇಲೆ ಒಳನಾಡಿನಿಂದ ಹಾಸುಹಾಸಾಗಿ ಇಳಿದು ಬರುತ್ತದೆ, ಉಪ್ಪು ಏರಿದಾಗ ಸಾಯುತ್ತದೆ. ಅದು ಕಡಲ ಕಡೆಗೆ ಹೊರಟಿದೆಯೋ, ನಿಂತಿದೆಯೋ, ಒಳಗೆ ಮರಳುತ್ತಿದೆಯೋ ನೋಡು. ನಿನ್ನ ಗಡಿಯಾರ ಅದೇ.

ಮಳೆಗಾಲದಲ್ಲಿ ಅದೂ ಅರ್ಧ ಸತ್ಯವನ್ನೇ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ನದಿಗಳ ಸಿಹಿ ನೀರು ಹಗುರವಾಗಿ ಮೇಲೆ ಹರಿಯುತ್ತದೆ, ಕಡಲಿನ ಉಪ್ಪು ನೀರು ಭಾರವಾಗಿ ಅಡಿಯಲ್ಲಿ ನುಗ್ಗುತ್ತದೆ. ಮೇಲಿನ ಪದರ ಕಡಲಿಗೆ ಓಡುತ್ತಿರುವಾಗ ಅಡಿಯ ಪದರ ಊರೊಳಗೆ ಬರುತ್ತಿರಬಹುದು. ನಿನ್ನ ದಾರ ಪಶ್ಚಿಮಕ್ಕೆ ಬಾಗಿದೆ, ಅಡಿಯಲ್ಲಿ ಸೀಸದ ಗುಂಡು ಪೂರ್ವಕ್ಕೆ ಉರುಳುತ್ತಿದೆ. ‘ಇಲ್ಲಿ ಏನೋ ಸಿಕ್ಕಿಕೊಂಡಿದೆ’ ಎಂದು ಎಳೆದಾಡಿ ದಾರ ಕಡಿಯುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಸಿಕ್ಕಿಕೊಂಡದ್ದು ಏನೂ ಇಲ್ಲ, ಎರಡು ನೀರು ಎರಡು ದಿಕ್ಕಿಗೆ ಹೊರಟಿವೆ. ಉಪ್ಪಿನ ಮೀನು ಆ ಅಡಿಯ ಪದರದಲ್ಲಿರುತ್ತದೆ. ಮೇಲೆ ಕೆಂಪು ನೀರು ಕಂಡು ನಿರಾಸೆಯಿಂದ ಮನೆಗೆ ಹೋಗುವವನಿಗೆ ಅದು ಗೊತ್ತಾಗುವುದಿಲ್ಲ.

ಎರಡನೆಯದು ಹಡಗು. ಈ ದಾರಿ ಹಡಗಿಗಾಗಿಯೇ ಕಡಿದದ್ದು. 1920ರಲ್ಲಿ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಮರಳ ದಿಬ್ಬವನ್ನು ಕಡಿಸಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಗೆ ಬಂತು. ಹೂಳೆತ್ತಿದ ಮಣ್ಣು ಸುರಿದೇ ವೆಲ್ಲಿಂಗ್ಟನ್ ದ್ವೀಪ ಆದದ್ದು. ಇವತ್ತಿಗೂ ಹೂಳೆತ್ತುವ ಯಂತ್ರ ನಿಂತಿಲ್ಲ. 2011ರಲ್ಲಿ ವಲ್ಲಾರ್‌ಪಾಡದ ಕಂಟೇನರ್ ನಿಲ್ದಾಣ ತೆರೆದ ಮೇಲೆ ಬರುವ ಹಡಗುಗಳ ಗಾತ್ರವೂ ಬೆಳೆಯಿತು.

ದೊಡ್ಡ ಹಡಗು ನಿನಗಾಗಿ ನಿಲ್ಲಲಾರದು, ತಿರುಗಲಾರದು. ಅದು ದೂರದಲ್ಲಿ ಮೆಲ್ಲಗೆ ಹೋಗುವಂತೆ ಕಾಣುತ್ತದೆ, ಅಲೆಯೂ ಇಲ್ಲವಲ್ಲ ಎನಿಸುತ್ತದೆ. ಆದರೆ ಅದು ಹಾಯುವಾಗ ದಡದ ನೀರು ಮೊದಲು ಹಿಂದಕ್ಕೆ ಸರಿಯುತ್ತದೆ. ಕಲ್ಲುಗಳ ಪಾಚಿ, ಸಿಪ್ಪೆ ಹೊರಗೆ ಕಾಣುತ್ತದೆ. ಬಿದ್ದ ಸ್ಪಿನ್ನರನ್ನೋ ಕಳೆದ ಸೀಸವನ್ನೋ ಹೆಕ್ಕಲು ಸುಸಮಯ ಎಂದು ಕೆಳಗಿಳಿಯಬೇಡ. ಹಿಂದೆ ಸರಿದ ನೀರು ಅಷ್ಟೇ ಮರಳಿ ಬರುವುದಿಲ್ಲ, ಇನ್ನಷ್ಟು ಸೇರಿಸಿಕೊಂಡು ಬರುತ್ತದೆ. ನೀರು ಸರಿಯಿತೆಂದರೆ ಎರಡು ಕಲ್ಲು ಮೇಲೆ ಹತ್ತು, ಅಷ್ಟೇ.

ದೋಣಿಗಳ ದಾರಿಗೆ ಅಡ್ಡ ದಾರ ಎಸೆಯಬೇಡ. ಫೋರ್ಟ್ ಕೊಚ್ಚಿ–ವೈಪಿನ್ ರೋ-ರೋ, 2023ರಿಂದ ಓಡುತ್ತಿರುವ ವಾಟರ್ ಮೆಟ್ರೋ, ಮೀನು ತುಂಬಿಕೊಂಡು ಕಾಳಮುಕ್ಕಿಗೆ ಹೋಗುವ ದೋಣಿಗಳು ಎಲ್ಲಕ್ಕೂ ಇದೇ ನೀರು. 2015ರ ಆಗಸ್ಟ್ 26ರಂದು ವೈಪಿನಿನಿಂದ ಬರುತ್ತಿದ್ದ ಪ್ರಯಾಣಿಕರ ದೋಣಿಗೆ ಮೀನುಗಾರಿಕೆಯ ದೋಣಿ ಗುದ್ದಿ 11 ಜನ ಸತ್ತರು. ಫೋರ್ಟ್ ಕೊಚ್ಚಿಯ ದಡಕ್ಕೆ ತೀರಾ ಹತ್ತಿರದಲ್ಲಿ, ಹಗಲು ಹೊತ್ತಿನಲ್ಲೇ. ಈ ನೀರಿನಲ್ಲಿ ದೋಣಿ ನಡೆಸುವವನ ಕಣ್ಣು ಒಂದು ಕ್ಷಣ ಬೇರೆಡೆಗೆ ಹೋಗಬಾರದು. ಅವನ ಮುಖಕ್ಕೆ ಟಾರ್ಚ್ ಹಾಕುವುದು, ಪ್ರೊಪೆಲ್ಲರಿಗೆ ಹೆಣೆದ ದಾರ ಸುತ್ತಿಸುವುದು ನಿನ್ನ ಕೈಯಿಂದ ಆಗದಿರಲಿ.

ನೌಕಾಪಡೆಯ ಜಾಗ, ಬಂದರಿನ ಬೇಲಿ, ಹಡಗುಕಟ್ಟೆಯ ಗೋಡೆ ಇವುಗಳ ಹತ್ತಿರ ಸುಳಿಯಬೇಡ. ದಕ್ಷಿಣ ನೌಕಾ ಕಮಾಂಡಿನ ಕೇಂದ್ರ ಇರುವ ಊರು ಇದು. ‘ಅಲ್ಲೇ ಮೀನು ಜಾಸ್ತಿ’ ಎನ್ನುವ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. ಯಾರೂ ಹಿಡಿಯದ ಕಡೆ ಮೀನು ಜಾಸ್ತಿ ಇರುವುದು ಸಹಜವೇ. ಕಾವಲಿನವರು ಬಂದಾಗ ಆ ಗೆಳೆಯ ಇರುವುದಿಲ್ಲ.

ಮೂರನೆಯದು ಬಲೆಯವರು. ಪ್ರವಾಸಿಗಳು ಫೋಟೋ ತೆಗೆಯುವ ಚೀನೀ ಬಲೆಯನ್ನು ನೀನು ಗಾಳಗಾರನ ಕಣ್ಣಿನಿಂದ ನೋಡು. ಇತ್ತ ಮರದ ಚೌಕಟ್ಟಿನಲ್ಲಿ ಬಲೆ, ಅತ್ತ ಹಗ್ಗಕ್ಕೆ ಕಟ್ಟಿದ ಕಲ್ಲುಗಳ ತೂಕ, ನಡುವೆ ನಾಲ್ಕಾರು ಜನರ ತೋಳು. ಇಳಿಸುವುದು, ಸ್ವಲ್ಪ ಕಾಯುವುದು, ಎತ್ತುವುದು. ಅವರು ಯಾವ ಹೊತ್ತಿಗೆ ಬೇಗ ಬೇಗ ಎತ್ತುತ್ತಾರೆ, ಯಾವ ಹೊತ್ತಿಗೆ ಬಲೆ ಮೇಲಿಟ್ಟು ಬೀಡಿ ಹಚ್ಚುತ್ತಾರೆ ಎಂದು ಗಮನಿಸಿದರೆ ಒಂದು ಬೆಳಗ್ಗೆಯಲ್ಲಿ ನೀನು ಕಲಿಯುವಷ್ಟನ್ನು ಯಾವ ವೀಡಿಯೋವೂ ಕಲಿಸದು. ಒಳಗೆ ಹೋದರೆ ಸೆಳೆತಕ್ಕೆ ಅಡ್ಡವಾಗಿ ಗೂಟ ನೆಟ್ಟು ಕಟ್ಟುವ ಊನ್ನಿವಲೆಗಳಿವೆ. ಇಳಿತದ ನೀರೇ ಅವರ ಆಳು, ಆ ಹೊತ್ತು ತಪ್ಪಿದರೆ ಆ ದಿನದ ಗಂಜಿ ತಪ್ಪಿತು. ನಿನಗೆ ಭಾನುವಾರದ ಹುರುಪು, ಅವರಿಗೆ ಮನೆಯ ಅಕ್ಕಿ. ನಿನ್ನ ಕೊಕ್ಕೆ ಅವರ ಬಲೆಗೆ ಸಿಕ್ಕಿಕೊಂಡರೆ ಕಡಿಯಬೇಕಾದ್ದು ನಿನ್ನ ದಾರ. ಕೊಕ್ಕೆ ಬಿಡಿಸಿಕೊಳ್ಳಲು ಬಲೆಯ ಕಣ್ಣು ಕತ್ತರಿಸಿದವನನ್ನು ಆ ದಡ ಬಹುಕಾಲ ಮರೆಯುವುದಿಲ್ಲ.

ಪಂಜರದ ಮೀನಿನ ಮಾತೂ ಹೇಳಿಬಿಡುತ್ತೇನೆ. ಕಡಮಕ್ಕುಡಿ, ವರಾಪ್ಪುಳದ ಕಡೆ ಕಾಯಲಿನಲ್ಲಿ ತೇಲುವ ಚೌಕಗಳು ಕಾಣುತ್ತವೆ. ಅದರೊಳಗೆ ಕಾಳಾಂಜಿ, ಕರಿಮೀನು ಸಾಕುತ್ತಾರೆ. ಕಾಳಾಂಜಿಯನ್ನು ನಮ್ಮ ದೇಶದಲ್ಲಿ ಸೆರೆಯಲ್ಲಿ ಮರಿ ಮಾಡಿಸುವುದನ್ನು ಚೆನ್ನೈಯ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲಿ ಸಾಧಿಸಿತು. ಪಂಜರ ಕೃಷಿ ಹಬ್ಬಿದ್ದು ಆಮೇಲೆ. ಸಾಲ ಮಾಡಿ ಮರಿ ಬಿಟ್ಟವರು ಅವರು. 2024ರ ಮೇ ತಿಂಗಳಲ್ಲಿ ಪೆರಿಯಾರಿನಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದಾಗ ಈ ಪಂಜರದವರ ಮನೆಗಳೇ ಮೊದಲು ಮುಳುಗಿದವು. ಪಂಜರದ ಸುತ್ತ ಚೆಲ್ಲಿದ ಆಹಾರಕ್ಕೆ ಕಾಡುಮೀನೂ ಬರುತ್ತದೆ, ನಿಜ. ಆದರೂ ಅಲ್ಲಿ ಗಾಳ ಎಸೆಯುವುದು ಬೇರೆಯವರ ತೋಟದ ಬೇಲಿ ಹಾರಿದಂತೆ.

ನಾಲ್ಕನೆಯದು ಮೀನು. ಇಲ್ಲಿ ನೀನೂ, ನಿನ್ನ ಓರಗೆಯವರೂ ಕನಸು ಕಾಣುವುದು ಕಾಳಾಂಜಿಯನ್ನು. ಕಾರವಾರ–ಗೋವೆಯ ಕಡೆ ಚೊಣಕ ಎನ್ನುವುದು ಇದನ್ನೇ. ಜೊತೆಗೆ ಚೆಂಬಲ್ಲಿ, ವಟ್ಟ, ತಿರುತ ಇವೆ. ಕಾಳಾಂಜಿ ಬೆನ್ನಟ್ಟಿ ಬೇಟೆಯಾಡುವುದು ಕಡಿಮೆ, ಹೊಂಚಿ ಕೂರುವುದು ಹೆಚ್ಚು. ಸೇತುವೆಯ ಕಂಬದ ಹಿಂದೆ, ಕಲ್ಲಿನ ಮೂಲೆಯಲ್ಲಿ, ಸೆಳೆತ ಒಡೆದು ಸುಳಿಯಾಗುವ ಕಡೆ ಕಡಿಮೆ ಶ್ರಮದಲ್ಲಿ ನಿಂತು, ನೀರು ತಂದುಕೊಡುವ ಸೀಗಡಿಯನ್ನೂ ಸಣ್ಣ ತಿರುತವನ್ನೂ ನುಂಗುತ್ತದೆ. ಆದ್ದರಿಂದ ದೂರ ಎಸೆಯುವ ತೋಳಿಗಿಂತ ಸುಳಿ ಗುರುತಿಸುವ ಕಣ್ಣು ಮುಖ್ಯ. ಬಹಳ ಸಲ ಅದು ನೀನು ನಿಂತ ಕಲ್ಲಿನಿಂದ ಹತ್ತು ಮೀಟರ್ ಒಳಗೇ ಇರುತ್ತದೆ.

ವೈಪಿನ್, ಕಡಮಕ್ಕುಡಿ, ಏಳಿಕ್ಕರದ ಕಡೆ ಪೊಕ್ಕಾಳಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಎತ್ತರದ ಭತ್ತ, ಕೊಯ್ಲಾದ ಮೇಲೆ ನವೆಂಬರಿನಿಂದ ಏಪ್ರಿಲ್ ನಡುವಿನ ತನಕ ಅದೇ ಗದ್ದೆಯಲ್ಲಿ ಸೀಗಡಿ. ಉಬ್ಬರಕ್ಕೆ ತೂಬು ತೆರೆದು ನೀರು ಒಳಗೆ ಬಿಡುತ್ತಾರೆ, ಇಳಿತಕ್ಕೆ ತೂಬಿಗೆ ಬಲೆ ಕಟ್ಟಿ ಸೀಗಡಿ ಹಿಡಿಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಿನ ಈ ಹಿಡಿಯುವ ದಿನಗಳಿಗೆ ಇಲ್ಲಿಯವರು ತಕ್ಕಂ ಎನ್ನುತ್ತಾರೆ. ತಕ್ಕದ ರಾತ್ರಿ ತೂಬಿನ ಹೊರಗೆ ಕಾಲುವೆಯಲ್ಲಿ ಕಾಳಾಂಜಿಯೂ ಸರದಿ ಹಿಡಿದಿರುತ್ತದೆ. ಗದ್ದೆಯವರನ್ನು ಕೇಳಿ, ಅವರ ಬಲೆಯಿಂದ ದೂರ ನಿಂತು ಹಾಕಿದರೆ ಬೇಡ ಎನ್ನುವವರು ಕಡಿಮೆ. ಗಾಳಿ ಬಂದಾಗ ತೂರಿಕೋ ಎಂಬುದು ಇದೇ, ಆದರೆ ಕಣ ಯಾರದೆಂದು ಮೊದಲು ತಿಳಿದುಕೋ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕಾಳಾಂಜಿ ಗಂಡಾಗಿ ಬೆಳೆದು, ಮುಂದೆ ಹೆಣ್ಣಾಗುವ ಮೀನು. ಮೊದಲ ಕೆಲವು ವರ್ಷ ಗಂಡು. ದೊಡ್ಡದಾದ ಮೇಲೆ, ಸಾಮಾನ್ಯವಾಗಿ ಆರೇಳು ವರ್ಷದ ಸುಮಾರಿಗೆ, ಹೆಚ್ಚಿನವು ಹೆಣ್ಣಾಗುತ್ತವೆ. ಅಂದರೆ ನೀನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಹಂಬಲಿಸುವ ಆ ಮೀಟರ್ ಉದ್ದದ ಮೀನು ಬಹುಮಟ್ಟಿಗೆ ತಾಯಿ. ಒಂದು ಹಂಗಾಮಿನಲ್ಲಿ ಲಕ್ಷ ಲಕ್ಷ ಮೊಟ್ಟೆ ಇಡುವ ತಾಯಿ. ಅದು ಮೊಟ್ಟೆ ಇಡಲು ಬರುವುದು ಉಪ್ಪು ಹೆಚ್ಚಿರುವ ಅಳಿವೆಯ ಬಾಯಿಗೇ, ನೀನು ನಿಂತಿರುವ ಕಡೆಗೇ. ಮರಿಗಳು ಆಮೇಲೆ ಕಾಂಡ್ಲಾ ಕಾಡಿಗೆ, ಗದ್ದೆಯ ಕಾಲುವೆಗೆ ಒಳನುಗ್ಗುತ್ತವೆ. ಒಳಗೆ ದಾರಿ ಮೊದಲೇ ಕಿರಿದಾಗಿದೆ. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಂತೆ 1970ರ ದಶಕದಲ್ಲಿ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲುಗಳು ಬೇಸಿಗೆಯ ತಿಂಗಳುಗಳಲ್ಲಿ ಮುಚ್ಚಿರುತ್ತವೆ. ಉಪ್ಪಿನ ಜೊತೆ ಮೀನೂ ಸೀಗಡಿಯೂ ಹೊರಗೇ ಉಳಿಯುತ್ತವೆ. ಇಷ್ಟು ಇಕ್ಕಟ್ಟು ದಾಟಿ ದೊಡ್ಡದಾದ ತಾಯಿಯನ್ನು ಒಂದು ಫೋಟೋಕ್ಕೆ ಮುಗಿಸಬೇಡ.

ಇದು ಮುದುಕನ ಭಾವುಕತೆ ಎಂದುಕೊಂಡರೆ ಅಮೆರಿಕದ ಕತೆ ಕೇಳು. ಮ್ಯಾಸಚೂಸೆಟ್ಸಿನಲ್ಲಿ ಕೇಪ್ ಕಾಡ್ ಕಾಲುವೆ ಎಂದಿದೆ. 1914ರಲ್ಲಿ ತೆರೆದ, ಎರಡು ಕೊಲ್ಲಿಗಳ ನಡುವೆ ಕಡಿದ ಹಡಗಿನ ದಾರಿ. ಆರು ಗಂಟೆಗೊಮ್ಮೆ ದಿಕ್ಕು ಬದಲಿಸುವ ಭಾರೀ ಸೆಳೆತ, ಎರಡೂ ದಡದ ಕಲ್ಲುಗಳ ಮೇಲೆ ಗಾಳದವರ ಸಾಲು. ಕಾಲುವೆಯೊಳಗೆ ದೋಣಿಯಿಂದ ಗಾಳ ಹಾಕುವಂತಿಲ್ಲ, ದಡದಿಂದ ಮಾತ್ರ. ಅವರ ಕಾಳಾಂಜಿ ಎಂದರೆ ಸ್ಟ್ರೈಪ್ಡ್ ಬಾಸ್, ಮೈಮೇಲೆ ಗೆರೆಗಳಿರುವ ಮೀನು. ಅಲ್ಲೂ ದೊಡ್ಡವೆಲ್ಲ ಹೆಣ್ಣು. 1980ರ ದಶಕದ ಆರಂಭಕ್ಕೆ ಹಿಡಿದು ಹಿಡಿದು ಮೀನು ಮುಗಿಯುವ ಹಂತಕ್ಕೆ ಬಂತು. ಅದು ಮುಖ್ಯವಾಗಿ ಮೊಟ್ಟೆಯಿಡುವ ಚೆಸಪೀಕ್ ಕೊಲ್ಲಿಯ ಮೇರಿಲ್ಯಾಂಡ್ ರಾಜ್ಯ 1985ರಿಂದ ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಿತು. ಮೀನು ಮರಳಿತು. ಮತ್ತೆ ಇಳಿಮುಖವಾದಾಗ 2023ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಹವ್ಯಾಸಿಗಳು ಕಡಲಲ್ಲಿ ಮನೆಗೆ ಒಯ್ಯಬಹುದಾದ ಮೀನು 28ರಿಂದ 31 ಅಂಗುಲದ ನಡುವಿನದು ಮಾತ್ರ, ಅದೂ ದಿನಕ್ಕೆ ಒಂದು. ಚಿಕ್ಕದನ್ನೂ ಬಿಡಬೇಕು, ದೊಡ್ಡದನ್ನೂ ಬಿಡಬೇಕು.

ನಮ್ಮಲ್ಲೂ ಕಾನೂನಿಲ್ಲದಿಲ್ಲ. ಎಳೆಯ ಮೀನು ಹಿಡಿಯದಂತೆ ಕೇರಳ 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿತು, 2017ರಲ್ಲಿ ಪಟ್ಟಿ 58ಕ್ಕೆ ಏರಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಮಳೆಗಾಲದಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಹೊಸ ಮಳೆಗೆ ಮೊಟ್ಟೆಯಿಡಲು ಮೇಲ್ನೀರಿಗೆ ಹತ್ತುವ ಮೀನನ್ನು ತಡೆದು ಹಿಡಿಯುವ ಊತ್ತದ ಬೇಟೆಯೂ ಅಪರಾಧ. ಆದರೆ ದೊಡ್ಡ ತಾಯಿಮೀನನ್ನು ಬಿಡು ಎಂದು ಗಾಳದವನಿಗೆ ಹೇಳುವ ಪೊಲೀಸ್ ಇಲ್ಲಿ ಬರುವುದಿಲ್ಲ. ಆ ನಿಯಮ ನೀನೇ ಹಾಕಿಕೊಳ್ಳಬೇಕು. ಅಡುಗೆಗೆ ನಡುವಿನ ಗಾತ್ರದ ಒಂದು ಸಾಕು. ಕರಿಮೀನಿಗೆ ಇನ್ನೊಂದು ನಿಯಮ: ಜೋಡಿಯಾಗಿ ಒಂದೇ ಜಾಗದಲ್ಲಿ ಸುತ್ತುತ್ತಿದ್ದರೆ ಅಲ್ಲಿ ಗಾಳ ಬೇಡ. ಗಂಡೂ ಹೆಣ್ಣೂ ಸೇರಿ ಮೊಟ್ಟೆ ಮರಿ ಕಾಯುವ ಮೀನು ಅದು. ಒಂದನ್ನು ಎತ್ತಿದರೆ ಮರಿಗಳು ಆ ಸಂಜೆಗೇ ಬೇರೆ ಮೀನಿನ ಹೊಟ್ಟೆ ಸೇರುತ್ತವೆ.

ಬಿಡುವುದಕ್ಕೂ ಕ್ರಮ ಇದೆ. ಕೈ ಒದ್ದೆ ಮಾಡಿಕೊಂಡು ಮುಟ್ಟು. ಬಿಸಿ ಕಾಂಕ್ರೀಟಿನ ಮೇಲೆ ಒಗೆಯಬೇಡ. ದೊಡ್ಡ ಮೀನನ್ನು ದವಡೆಯಿಂದ ಮಾತ್ರ ನೇತುಹಾಕಬೇಡ, ಹೊಟ್ಟೆಗೆ ಆಧಾರ ಕೊಡು. ನೀರಿನಲ್ಲಿ ಸೆಳೆತಕ್ಕೆ ಎದುರಾಗಿ ಹಿಡಿದು, ಅದೇ ಬಾಲ ಬೀಸಿ ಹೊರಡುವ ತನಕ ಕಾಯಿ. ಮುಳ್ಳು ತಗ್ಗಿಸಿದ ಕೊಕ್ಕೆಯೋ ವರ್ತುಲದ ಕೊಕ್ಕೆಯೋ ಆದರೆ ಬಿಡಿಸುವುದು ಸುಲಭ. ಒಂದು ಮಾತು ಮಾತ್ರ ಬೇರೆ: 2018ರ ಪ್ರವಾಹದಲ್ಲಿ ಸಾಕುಕೊಳಗಳಿಂದ ತಪ್ಪಿಸಿಕೊಂಡ ಅರಪೈಮಾದಂಥ ಪರದೇಶದ ಮೀನು ಸಿಕ್ಕರೆ ಮರಳಿ ಬಿಡಬೇಡ. ಮನೆಯ ಅಕ್ವೇರಿಯಂ ಬೇಸರವಾಯಿತೆಂದು ಅದರ ಮೀನನ್ನು ಕಾಯಲಿಗೆ ಸುರಿಯಲೂ ಬೇಡ.

ಐದನೆಯವನು ನೀನು. ನಿನ್ನ ಜೀವವನ್ನು ನೋಡಿಕೊಳ್ಳುವ ಕೆಲಸ ನಿನ್ನದೇ. ಕೋಲು, ರೀಲಿಗೆ ಸಂಬಳವೆಲ್ಲ ಸುರಿಯಬೇಡ. ಎಂಟೊಂಬತ್ತು ಅಡಿಯ ಗಟ್ಟಿ ಕೋಲು, ಹೆಣೆದ ದಾರ, ಅದರ ತುದಿಗೆ ದಪ್ಪನೆಯ ನೈಲಾನ್ ಲೀಡರ್ ಇದ್ದರೆ ಆಯಿತು. ಲೀಡರ್ ಬಿಡಬೇಡ. ಕಾಳಾಂಜಿಯ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ತೆಳು ದಾರವನ್ನೂ ಬೆರಳನ್ನೂ ಒಂದೇ ರೀತಿ ಕೊಯ್ಯುತ್ತದೆ. ಏಟ್ಟ ಎಂಬ ಮೀಸೆ ಮೀನಿನ ಬೆನ್ನಿನ, ರೆಕ್ಕೆಯ ಮುಳ್ಳಿಗೆ ನಂಜಿದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಇಳಿಬಿಟ್ಟು, ಆಮೇಲೆ ವೈದ್ಯರಲ್ಲಿಗೆ ಹೋಗು. ಹೊಟ್ಟೆ ಉಬ್ಬಿಸಿ ಚೆಂಡಾಗುವ ಮೀನು ಸಿಕ್ಕರೆ ಬಿಟ್ಟುಬಿಡು, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ತುಲಾಮಳೆಯ ಕಾಲದಲ್ಲಿ, ಅಕ್ಟೋಬರ್ ನವೆಂಬರ್ ಮಧ್ಯಾಹ್ನ ಕಳೆದ ಮೇಲೆ, ಪೂರ್ವದಲ್ಲಿ ಮೋಡ ಕಪ್ಪಾಯಿತೆಂದರೆ ಕೋಲು ಮಡಚು. ಕಾರ್ಬನ್ ಕೋಲು ಮಿಂಚಿಗೆ ಆಹ್ವಾನ. ವಿದ್ಯುತ್ ತಂತಿಯ ಕೆಳಗೂ ಅದೇ ಅಪಾಯ. ಮಳೆಯಿಲ್ಲ, ಗಾಳಿಯಿಲ್ಲ, ಆದರೂ ಕಡಲು ಇದ್ದಕ್ಕಿದ್ದಂತೆ ದಡಕ್ಕೆ ನುಗ್ಗುವುದಕ್ಕೆ ಇಲ್ಲಿ ಕಳ್ಳಕ್ಕಡಲ್ ಎನ್ನುತ್ತಾರೆ. ಸಾವಿರಾರು ಮೈಲಿ ದೂರದ ದಕ್ಷಿಣದ ಬಿರುಗಾಳಿ ಎಬ್ಬಿಸಿದ ಅಲೆ ಅದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ. ಆ ದಿನ ಚೆಲ್ಲಾನಂ, ಪುದುವೈಪಿನ ಕಲ್ಲುಗೋಡೆಯ ಕಡೆ ಹೋಗಬೇಡ.

ತಿರುವನಂತಪುರದ ಟೆಕ್ನೋಪಾರ್ಕಿಗೆ ವರ್ಗವಾದೆಯೆಂದರೆ ಅಲ್ಲಿಯ ನೀರು ಇನ್ನೊಂದು ಬಗೆ. ಅಲ್ಲಿರುವುದು ಪೊಳಿಗಳು. ವೇಳಿ, ಪೂವಾರಿನಂಥ ಕಡೆ ಬೇಸಿಗೆಯಲ್ಲಿ ಮರಳು ಬಾಯಿ ಮುಚ್ಚುತ್ತದೆ, ಮಳೆಗೆ ಒಡೆಯುತ್ತದೆ. ಹೊಸದಾಗಿ ಒಡೆದ ಪೊಳಿಯ ಮರಳಂಚಿನಲ್ಲಿ ನಿಲ್ಲಬೇಡ. ನಿನ್ನ ಕಾಲಡಿಯ ಮರಳನ್ನು ನೀರು ಒಳಗಿನಿಂದ ತಿನ್ನುತ್ತಿರುತ್ತದೆ. ಮುದಲಪೊಳಿಯ ತಡೆಗೋಡೆಗಳ ನಡುವೆ ನುರಿತ ಮೀನುಗಾರರ ದೋಣಿಗಳೇ ಮಗುಚಿ ಎಷ್ಟೋ ಜೀವ ಹೋಗಿದೆ. ಆ ಗೋಡೆಯ ತುದಿಯಲ್ಲಿ ಗಾಳ ಹಿಡಿದು ನಿಲ್ಲುವ ಶೌರ್ಯ ಯಾರಿಗೂ ಬೇಡ. ನೀರಿಗಿಳಿದ ಮೇಲೆ ಚಳಿಯೇನು ಎಂಬ ಗಾದೆ ಅಳಿವೆಗೆ ಸಲ್ಲದು.

ಮತ್ತೆ ಕಸ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿಯ ಆಚೆ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ದಡದ ತನಕ ಬಿಳಿ ಮರಳಿನಂತೆ ಬಂದು ಬಿದ್ದವು. ಅಂಥದ್ದರ ಮುಂದೆ ನನ್ನ ಒಂದು ತುಂಡು ದಾರ ಎಷ್ಟರದ್ದು ಎನ್ನಬೇಡ. ಹಡಗಿನ ಕಸಕ್ಕೆ ನ್ಯಾಯಾಲಯ ಇದೆ, ನಿನ್ನ ದಾರಕ್ಕೆ ನೀನೇ. ಕಲ್ಲಿನ ಸಂದಿಯಲ್ಲಿ ಉಳಿದ ಹೆಣೆದ ದಾರ ಕೊಕ್ಕರೆಯ ಕಾಲಿಗೆ ಸುತ್ತುತ್ತದೆ, ವೀಶುವಲೆ ಬೀಸುವವನ ಬೆರಳು ಕೊಯ್ಯುತ್ತದೆ. ತಂದದ್ದನ್ನು ಮರಳಿ ಒಯ್ಯಿ.

ಇಷ್ಟು ಹೇಳಿದ್ದು ನಿನ್ನನ್ನು ಹೆದರಿಸಲು ಅಲ್ಲ. ಕೊನೆಯವನಾಗಿ ನಿಲ್ಲುವುದರಲ್ಲಿ ಒಂದು ಲಾಭವಿದೆ: ಮುಂದಿರುವ ನಾಲ್ವರನ್ನೂ ನೋಡಬಹುದು, ನೋಡಿ ಕಲಿಯಬಹುದು. ಹತ್ತು ವರ್ಷ ಒಂದೇ ದಡದಲ್ಲಿ ನಿಂತೂ ಕಲಿಯದವರಿದ್ದಾರೆ, ಬರೀ ಕೋಲಿನ ತುದಿಯನ್ನೇ ನೋಡಿದವರು. ಹೀಗಾಗಿ ನನ್ನ ಕೋರಿಕೆ ಒಂದೇ. ಬರುವ ಹುಣ್ಣಿಮೆಯ ಆಸುಪಾಸಿನ ಒಂದು ರಜೆಯ ದಿನ ಕೋಲನ್ನು ಮನೆಯಲ್ಲೇ ಬಿಟ್ಟು ವೈಪಿನಿನ ದಡಕ್ಕೆ ಹೋಗು. ನೀರು ತುಂಬಿದ ಹೊತ್ತಿನಿಂದ ಪೂರ್ತಿ ಇಳಿಯುವ ತನಕ ಕೂತು ನೋಡು: ಕುಳವಾಳ ಯಾವಾಗ ತಿರುಗಿತು, ಸುಳಿ ಎಲ್ಲಿ ಎದ್ದಿತು, ಬಲೆಯವರು ಯಾವಾಗ ಅವಸರ ಮಾಡಿದರು. ಗಾಳ ಹಾಕುವುದು ಆಮೇಲೆ.